ಗ್ಯಾಲರಿ ಬಾಗಿಲು ತಳ್ಳಿ ಒಳಗೆ ಬನ್ನಿ: ಬೆಂಗಳೂರಿನ ಪುಟ್ಟ ಕಲಾ ಪ್ರದರ್ಶನಗಳನ್ನು ನೋಡುವ ಬಗೆ

ಮಳೆಗಾಲದ ಒಂದು ಶನಿವಾರ. ಎರಡು ಬಸ್ಸು ಬದಲಾಯಿಸಿ, ಮೊಣಕಾಲವರೆಗೂ ಪ್ಯಾಂಟು ನೆನೆಸಿಕೊಂಡು ಒಂದು ಪುಟ್ಟ ಗ್ಯಾಲರಿ ತಲುಪಿದೆ. ಒಳಗೆ ಚಿತ್ರಗಳೇನೋ ಇದ್ದವು. ಆದರೆ ಎಲ್ಲವೂ ನೆಲದ ಮೇಲೆ, ಗೋಡೆಗೆ ಮುಖ ಹಾಕಿಕೊಂಡು, ಹೋಮ್‌ವರ್ಕ್ ಮಾಡದ ಮಕ್ಕಳ ಹಾಗೆ ನಿಂತಿದ್ದವು. ಏಣಿಯ ಮೇಲೊಬ್ಬ ಹುಡುಗ ಟೇಪು ಹಿಡಿದಿದ್ದ. ಕೆಳಗೊಬ್ಬರು ಸ್ಪಿರಿಟ್ ಲೆವೆಲ್ ಇಟ್ಟು, "ಎಡಗಡೆ ಸ್ವಲ್ಪ ಇಳಿಸು... ಸಾಕು, ಸಾಕು" ಅನ್ನುತ್ತಿದ್ದರು. ಹಳೇ ಪ್ರದರ್ಶನ ಗುರುವಾರವೇ ಮುಗಿದಿತ್ತು. ಹೊಸದು ಶುರುವಾಗುವುದು ಮುಂದಿನ ಶುಕ್ರವಾರ. ನಾನು ಸರಿಯಾಗಿ ನಡುವಿನ ಖಾಲಿ ವಾರಕ್ಕೆ ಹೋಗಿದ್ದೆ.

ತಪ್ಪು ಅವರದ್ದಲ್ಲ, ನಂದೇ. ದಿನಾಂಕ ನೋಡದೆ ಹೊರಟಿದ್ದೆ. ಚಿಕ್ಕ ಗ್ಯಾಲರಿಗಳು ಸಿನಿಮಾ ಥಿಯೇಟರಿನ ಥರ ಅಲ್ಲ, ಒಂದು ಮುಗಿದ ಮಾರನೇ ದಿನವೇ ಇನ್ನೊಂದು ಹಾಕೋದಿಲ್ಲ. ಇಳಿಸಬೇಕು, ಮೊಳೆಯ ತೂತು ಮುಚ್ಚಬೇಕು, ಬಣ್ಣ ಹೊಡೀಬೇಕು, ಹೊಸದನ್ನು ನೇತುಹಾಕಬೇಕು, ಲೈಟು ತಿರುಗಿಸಬೇಕು. ಇಷ್ಟಕ್ಕೆ ಮೂರು ದಿನದಿಂದ ವಾರದ ತನಕ ಬೇಕು.

ಆ ದಿನ ಪೂರ್ತಿ ದಂಡವಾಗಲಿಲ್ಲ ಅನ್ನಿ. ಒಂದು ವಿಷಯ ಕಲಿತೆ. ಸಾಮಾನ್ಯವಾಗಿ ಚಿತ್ರದ ಮೇಲಂಚನ್ನೋ ಕೆಳಗಂಚನ್ನೋ ಅಳೆದು ನೇತುಹಾಕೋದಿಲ್ಲ. ಚಿತ್ರದ ನಡುಭಾಗ ನೆಲದಿಂದ ಸುಮಾರು 57ರಿಂದ 60 ಇಂಚು ಎತ್ತರಕ್ಕೆ, ಅಂದರೆ ನಿಂತವರ ಕಣ್ಣಿನ ಮಟ್ಟಕ್ಕೆ, ಬರೋ ಹಾಗೆ ಅಳೆಯುತ್ತಾರೆ. ಮನೆಗೆ ಬಂದು ನಮ್ಮ ಹಾಲಿನ ಫೋಟೊಗಳನ್ನು ಅಳೆದೆ. ಎಲ್ಲವೂ ಒಂದಡಿ ಮೇಲಿದ್ದವು.

ಬೆಂಗಳೂರಲ್ಲೇ ಇದ್ದು ಒಮ್ಮೆಯೂ ಗ್ಯಾಲರಿಗೆ ಹೋಗದವರಿಗಾಗಿ ಈ ಲೇಖನ. "ನಮಗೆಲ್ಲಿ ಅರ್ಥ ಆಗುತ್ತೆ" ಅಂತ ಬಾಗಿಲ ತನಕ ಬಂದು ತಿರುಗಿ ಹೋಗುವವರಿಗಾಗಿ ಇನ್ನೂ ಜಾಸ್ತಿ.

ಮೊದಲು, ಅದು ಎಂಥ ಗ್ಯಾಲರಿ ಅಂತ ತಿಳಿಯಿರಿ

ಎಲ್ಲದಕ್ಕೂ ಗ್ಯಾಲರಿ ಅಂತಲೇ ಹೆಸರು. ಆದರೆ ಒಳಗಿನ ವ್ಯವಹಾರ ಬೇರೆ ಬೇರೆ. ಇದು ಗೊತ್ತಿದ್ದರೆ ಯಾವಾಗ ಹೋಗಬೇಕು, ಎಷ್ಟು ಅವಸರ ಮಾಡಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಮೊದಲನೆಯದು ಬಾಡಿಗೆ ಹಾಲ್. ಕುಮಾರ ಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಇಂಥ ಹಲವು ಗ್ಯಾಲರಿಗಳಿವೆ. ಕಲಾವಿದರು ಮುಂಚೆಯೇ ಅರ್ಜಿ ಹಾಕಿ, ಬಾಡಿಗೆ ಕಟ್ಟಿ, ತಮ್ಮ ಕೃತಿಗಳನ್ನು ತಾವೇ ತಂದು ನೇತುಹಾಕುತ್ತಾರೆ. ಪ್ರದರ್ಶನ ನಾಲ್ಕೈದು ದಿನ, ಹೆಚ್ಚೆಂದರೆ ವಾರ, ಹತ್ತು ದಿನ. ಒಂದು ಭಾನುವಾರ ತಪ್ಪಿಸಿದರೆ ಮುಗೀತು. ಗುಣಮಟ್ಟ ಏರುಪೇರು. ಒಂದು ಕೋಣೆಯಲ್ಲಿ ಕ್ಯಾಲೆಂಡರಿನಂಥ ಹಂಪಿ ರಥಗಳು, ಪಕ್ಕದ ಕೋಣೆಯಲ್ಲಿ ನಿಮ್ಮನ್ನು ಅರ್ಧ ಗಂಟೆ ನಿಲ್ಲಿಸಿಕೊಳ್ಳುವ ಹುಡುಗಿಯೊಬ್ಬಳ ಮೊದಲ ಪ್ರದರ್ಶನ. ನನಗೆ ಈ ಲಾಟರಿ ಇಷ್ಟ.

ಎರಡನೆಯದು ಖಾಸಗಿ ಗ್ಯಾಲರಿ. 1996ರಲ್ಲಿ ಶುರುವಾದ ಗ್ಯಾಲರಿ ಸುಮುಖ ಇಂಥದ್ದು, ವಿಲ್ಸನ್ ಗಾರ್ಡನ್‌ನಲ್ಲಿದೆ. ಇಲ್ಲಿ ಕಲಾವಿದರನ್ನು ಗ್ಯಾಲರಿಯವರೇ ಆರಿಸುತ್ತಾರೆ, ಮಾರಾಟದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಇಂಥ ಕಡೆ ಒಂದು ಪ್ರದರ್ಶನ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಇರುತ್ತದೆ. ಹಾಗಾಗಿ ನಿಮಗೆ ಪುರುಸೊತ್ತಿದೆ. ಪುರುಸೊತ್ತಿದೆ ಅಂತಲೇ ಎಷ್ಟೋ ಪ್ರದರ್ಶನಗಳನ್ನು ನಾನು ತಪ್ಪಿಸಿಕೊಂಡಿದ್ದೇನೆ, ಅದೂ ನಿಜ.

ಮೂರನೆಯದು ಕಲಾವಿದರೇ ನಡೆಸುವ ಜಾಗ. ಶಾಂತಿನಗರದ ಒನ್ ಶಾಂತಿರೋಡ್ ಇದಕ್ಕೆ ಒಳ್ಳೆಯ ಉದಾಹರಣೆ. ಕಲಾವಿದ, ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ಅವರ ಮನೆಯೇ ಸ್ಟುಡಿಯೊ, ಗ್ಯಾಲರಿ, ಹೊರಗಿನಿಂದ ಬರುವ ಕಲಾವಿದರ ತಂಗುದಾಣ. ವಿಳಾಸವೇ ಹೆಸರು. ಅಂಗಳದಲ್ಲೊಂದು ಬಾದಾಮಿ ಮರ, ಅದರ ಸುತ್ತ ಕಟ್ಟಡ. ಇಲ್ಲಿ ಕೆಲವು ಪ್ರದರ್ಶನ ಎರಡೇ ದಿನ, ಕೆಲವು ಒಂದೇ ಸಂಜೆ. ಚಿತ್ರ ನೋಡೋಕೆ ಹೋದವರು ಮಾತು ಕೇಳಿ, ಚಹಾ ಕುಡಿದು, ಮೂರು ಜನರ ಪರಿಚಯ ಮಾಡಿಕೊಂಡು ವಾಪಸ್ ಬರುತ್ತಾರೆ. ಇಂಥ ಜಾಗಗಳು ಹುಟ್ಟುತ್ತವೆ, ಮುಚ್ಚುತ್ತವೆ. ಜೆ.ಸಿ. ರಸ್ತೆಯ ಎಡಿಎ ರಂಗಮಂದಿರದ ಒಂದು ಸಣ್ಣ ಕೋಣೆಯಲ್ಲಿ 2009-10ರಲ್ಲಿ 'ಸಮೂಹ' ಅನ್ನೋ ಕಲಾವಿದರ ಗುಂಪು ಇಂತಿಷ್ಟೇ ದಿನ ಅಂತ ಮೊದಲೇ ಗೊತ್ತುಮಾಡಿಕೊಂಡು ಜಾಗ ನಡೆಸಿ, ಹೇಳಿದಂತೆ ನಿಲ್ಲಿಸಿತು.

ನಾಲ್ಕನೆಯದು ಮ್ಯೂಸಿಯಂ ಗಾತ್ರದವು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ಕಟ್ಟಡ ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ). ಇವು ದೊಡ್ಡವು, ಪ್ರದರ್ಶನಗಳು ತಿಂಗಳುಗಟ್ಟಲೆ ಇರುತ್ತವೆ. ಈ ಬರಹ ಇವುಗಳ ಬಗ್ಗೆ ಅಲ್ಲ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ: ಮ್ಯೂಸಿಯಂಗಳಿಗೆ ಸೋಮವಾರ ರಜೆ, ಖಾಸಗಿ ಗ್ಯಾಲರಿಗಳು ಬಹಳಷ್ಟು ಭಾನುವಾರ ಮುಚ್ಚಿರುತ್ತವೆ. ಎಲ್ಲರೂ ಎಡವೋದು ಇಲ್ಲೇ.

ಈಗ ಏನಿದೆ, ಮುಂದೆ ಏನಿದೆ ಅಂತ ಪತ್ತೆ ಮಾಡುವುದು

ಹಿಂದೆ ಪೇಪರಿನ 'ಇಂದಿನ ಕಾರ್ಯಕ್ರಮ' ನೋಡಿದರೆ ಸಾಕಿತ್ತು. ಈಗ ಗ್ಯಾಲರಿಗಳು ಸುದ್ದಿ ಹಾಕೋದು ಇನ್‌ಸ್ಟಾಗ್ರಾಂನಲ್ಲಿ. ವೆಬ್‌ಸೈಟಿನಲ್ಲಿ 'ಕರೆಂಟ್', 'ಅಪ್‌ಕಮಿಂಗ್', 'ಪಾಸ್ಟ್' ಅಂತ ಮೂರು ಭಾಗ ಇರುತ್ತವೆ, ಆದರೆ ಎರಡು ಪ್ರದರ್ಶನ ಹಿಂದೆಯೇ ಮುಗಿದದ್ದು 'ಕರೆಂಟ್' ಅಂತಲೇ ಕೂತಿರೋದನ್ನು ನಾನು ನೋಡಿದ್ದೇನೆ. ಚಿಕ್ಕ ಗ್ಯಾಲರಿಯಲ್ಲಿ ಇರೋದೇ ಇಬ್ಬರು ಮೂವರು. ಅವರೇ ಪ್ಯಾಕಿಂಗ್ ಮಾಡಬೇಕು, ಅವರೇ ಗಿರಾಕಿಗೆ ಫೋನ್ ಮಾಡಬೇಕು, ಅವರೇ ವೆಬ್‌ಸೈಟ್ ತಿದ್ದಬೇಕು. ಆದ್ದರಿಂದ ಹೊರಡುವ ಮುಂಚೆ ಒಂದು ಫೋನ್. "ಇವತ್ತು ಡಿಸ್‌ಪ್ಲೇ ಇದೆಯಾ, ಎಷ್ಟು ಗಂಟೆ ತನಕ?" ಇಷ್ಟು ಸಾಕು. ಆವತ್ತು ಈ ಒಂದು ಫೋನ್ ಮಾಡಿದ್ದರೆ ನನ್ನ ಪ್ಯಾಂಟು ಒಣಗಿರುತ್ತಿತ್ತು.

ಆಮಂತ್ರಣ ಪತ್ರವನ್ನು ಪೂರ್ತಿ ಓದಿ. ಮದುವೆ ಕಾಗದದಲ್ಲಿ ಆರತಕ್ಷತೆ ಒಂದು ದಿನ, ಧಾರೆ ಇನ್ನೊಂದು ದಿನ ಇರುತ್ತಲ್ಲ, ಇಲ್ಲೂ ಹಾಗೆಯೇ. 'ಪ್ರಿವ್ಯೂ' ಅಂದರೆ ಉದ್ಘಾಟನೆಯ ಸಂಜೆ. 'ಆನ್ ವ್ಯೂ' ಅಂತ ಇರೋದು ಪ್ರದರ್ಶನದ ಅವಧಿ. ಕೆಳಗೆ ಚಿಕ್ಕ ಅಕ್ಷರದಲ್ಲಿ ಸಮಯ, ರಜೆಯ ದಿನ. 'ಬೈ ಅಪಾಯಿಂಟ್‌ಮೆಂಟ್' ಅಂತಿದ್ದರೆ ಹೆದರಬೇಡಿ. ಶ್ರೀಮಂತರಿಗೆ ಮಾತ್ರ ಅಂತ ಅದರ ಅರ್ಥ ಅಲ್ಲ, ಬಾಗಿಲು ತೆಗೆಯೋಕೆ ಒಬ್ಬರು ಅಲ್ಲಿರಬೇಕು ಅಷ್ಟೇ. ಮೆಸೇಜ್ ಹಾಕಿ, ಟೈಮ್ ಕೊಡುತ್ತಾರೆ.

ಮುಂದಿನ ಪ್ರದರ್ಶನದ ಸುದ್ದಿ ಬೇಕಿದ್ದರೆ ಇಂಟರ್ನೆಟ್ಟಿಗಿಂತ ಒಳ್ಳೆಯ ದಾರಿ ಒಂದಿದೆ. ಹೋದಾಗ ಡೆಸ್ಕಿನಲ್ಲಿ ಕೂತವರನ್ನು ಕೇಳಿ: "ಮುಂದಿನದು ಯಾರದ್ದು?" ಖಾಸಗಿ ಗ್ಯಾಲರಿಗಳು ತಿಂಗಳುಗಳ ಮೊದಲೇ ಯೋಜನೆ ಹಾಕಿರುತ್ತವೆ. ಪ್ರಕಟ ಆಗದೇ ಇರೋದನ್ನೂ "ಡಿಸೆಂಬರಿಗೆ ಒಂದು ಪ್ರಿಂಟ್ ಶೋ ಬರ್ತಿದೆ" ಅಂತ ಹೇಳಿಬಿಡುತ್ತಾರೆ. ಬಾಗಿಲ ಹತ್ತಿರ ಇರುವ ಪುಸ್ತಕದಲ್ಲಿ ಹೆಸರು, ಇಮೇಲ್ ಬರೆಯಿರಿ. ಆಮಂತ್ರಣ ತಾನಾಗಿ ಬರುತ್ತದೆ. ಅಕ್ಷರ ಮಾತ್ರ ಬಿಡಿಸಿ ಬರೆಯಿರಿ, ಅರ್ಧಕ್ಕರ್ಧ ವಿಳಾಸ ಓದೋಕೇ ಆಗೋದಿಲ್ಲ ಅಂತ ಡೆಸ್ಕಿನ ಹುಡುಗಿಯೊಬ್ಬಳು ಗೊಣಗಿದ್ದು ಕೇಳಿದ್ದೇನೆ.

ನಾನು ಗೋಡೆ ಕ್ಯಾಲೆಂಡರಿನಲ್ಲಿ ಪ್ರದರ್ಶನದ ಮೊದಲ ದಿನ ಗುರುತು ಹಾಕೋದಿಲ್ಲ. ಮುಗಿಯೋ ದಿನಕ್ಕಿಂತ ಒಂದು ವಾರ ಹಿಂದಕ್ಕೆ ಹಾಕುತ್ತೇನೆ. ಕೊನೇ ದಿನಕ್ಕೆ ಗುರುತು ಹಾಕಿದರೆ ಆ ದಿನವೇ ಯಾರದ್ದೋ ಗೃಹಪ್ರವೇಶ ಇರುತ್ತದೆ.

ಉದ್ಘಾಟನೆಗೋ, ಬುಧವಾರಕ್ಕೋ?

ಉದ್ಘಾಟನೆಯ ಸಂಜೆ ಯಾರು ಬೇಕಾದರೂ ಹೋಗಬಹುದು. ಬಹುತೇಕ ಕಡೆ ಆಮಂತ್ರಣ ತೋರಿಸು ಅಂತ ಕೇಳೋದಿಲ್ಲ. ಜ್ಯೂಸು, ಸಮೋಸ, ಕೆಲವು ಕಡೆ ವೈನು. ಕಲಾವಿದರು ಖುಷಿಯಲ್ಲಿ, ಗಾಬರಿಯಲ್ಲಿ ಓಡಾಡುತ್ತಿರುತ್ತಾರೆ. ಅವರ ಅಪ್ಪ ಅಮ್ಮ ಊರಿಂದ ಬಂದು ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಾರೆ. ನೋಡಲು ಚೆಂದ. ಆದರೆ ಚಿತ್ರ ನೋಡಲು ಆಗೋದಿಲ್ಲ. ಪ್ರತಿ ಚಿತ್ರದ ಮುಂದೂ ಯಾರದ್ದೋ ಬೆನ್ನು.

ಜನರಿಗೋಸ್ಕರ ಉದ್ಘಾಟನೆಗೆ ಹೋಗಿ, ಕೃತಿಗಳಿಗೋಸ್ಕರ ವಾರದ ನಡುವೆ ಒಂದು ಮಧ್ಯಾಹ್ನ ಹೋಗಿ. ಎರಡರಲ್ಲಿ ಒಂದೇ ಸಾಧ್ಯ ಅಂದರೆ ಎರಡನೆಯದನ್ನೇ ಆರಿಸಿ. ಇದರಲ್ಲಿ ನನಗೆ ಅನುಮಾನ ಇಲ್ಲ. ಆಫೀಸಿಗೆ ಹೋಗುವವರಿಗೆ ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರು ಅತ್ಯುತ್ತಮ. ಆಗಷ್ಟೇ ಬಾಗಿಲು ತೆಗೆದಿರುತ್ತಾರೆ, ಹೆಚ್ಚಿನ ಸಲ ನೀವೊಬ್ಬರೇ ಇರುತ್ತೀರಿ.

ದಾರಿ ಒಂದೇ ಸುತ್ತಿನಲ್ಲಿ ಮುಗಿಯೋ ಹಾಗೆ ನೋಡಿಕೊಳ್ಳಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಊರಿನ ಎರಡು ತುದಿಯ ಎರಡು ಗ್ಯಾಲರಿ ಅಂದರೆ ಒಂದನ್ನೂ ನೆಟ್ಟಗೆ ನೋಡಿದ ಹಾಗಲ್ಲ. ಶಾಂತಿನಗರ, ವಿಲ್ಸನ್ ಗಾರ್ಡನ್ ಒಂದು ಜೋಡಿ. ಶಾಂತಿನಗರ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಎರಡೂ ಹತ್ತಿರ, ಲಾಲ್‌ಬಾಗ್ ಕೂಡ ದೂರ ಅಲ್ಲ. ಕಸ್ತೂರ್ಬಾ ರಸ್ತೆ ಇನ್ನೊಂದು ಜೋಡಣೆ: ಮ್ಯಾಪ್, ಸರ್ಕಾರಿ ಮ್ಯೂಸಿಯಂ, ಅದರ ಪಕ್ಕ ವೆಂಕಟಪ್ಪ ಆರ್ಟ್ ಗ್ಯಾಲರಿ. ಈ ಕೊನೆಯದು ತೆರೆದಿದೆಯಾ ಅಂತ ವಿಚಾರಿಸಿಕೊಂಡೇ ಹೋಗಿ. ಕೆ. ವೆಂಕಟಪ್ಪ (1886–1965) ಅವರ ಊಟಿಯ ಜಲವರ್ಣಗಳನ್ನು ನೋಡಿದವರಿಗೆ ಮಂಜನ್ನು ಬಣ್ಣದಲ್ಲಿ ಹೇಗೆ ಹಿಡಿಯಬಹುದು ಅಂತ ಗೊತ್ತಾಗುತ್ತದೆ. ಈ ಗ್ಯಾಲರಿಯನ್ನು ಖಾಸಗಿಯವರ ಕೈಗೆ ಕೊಡುವ ಮಾತು ಬಂದಾಗ 2016ರಲ್ಲಿ ಊರಿನ ಕಲಾವಿದರೆಲ್ಲ ಸೇರಿ ಪ್ರತಿಭಟನೆ ಮಾಡಿದ್ದರು. ಕಡಿಮೆ ಬಾಡಿಗೆಗೆ ಮೊದಲ ಪ್ರದರ್ಶನ ಮಾಡೋಕೆ ಎಷ್ಟೋ ಜನರಿಗೆ ಸಿಕ್ಕಿದ್ದ ಜಾಗ ಅದು, ಸಿಟ್ಟು ಬರೋದು ಸಹಜ.

ಬಾಗಿಲು, ಬ್ಯಾಗು, ಮೊದಲ ಐದು ನಿಮಿಷ

ನಮ್ಮ ಸೋದರತ್ತೆಯನ್ನು ಮೊದಲ ಸಲ ಗ್ಯಾಲರಿಗೆ ಕರೆದುಕೊಂಡು ಹೋದಾಗ ಅವರು ಬಾಗಿಲಲ್ಲೇ ಚಪ್ಪಲಿ ಬಿಚ್ಚಿ, ಸೆರಗಿನ ಗಂಟಿನಿಂದ ದುಡ್ಡು ತೆಗೆದು, ಸೆಕ್ಯೂರಿಟಿಯವರನ್ನು "ಟಿಕೆಟ್ ಎಲ್ಲಿ ಕೊಡ್ತಾರಪ್ಪಾ?" ಅಂದಿದ್ದರು. ಅವರು ನಕ್ಕು, "ಟಿಕೆಟ್ ಇಲ್ಲಮ್ಮಾ, ಚಪ್ಪಲಿ ಹಾಕ್ಕೊಂಡೇ ಬನ್ನಿ" ಅಂದರು. ನನ್ನ ಅನುಭವದಲ್ಲಿ ಪುಟ್ಟ ಗ್ಯಾಲರಿಗಳಲ್ಲಿ ಪ್ರವೇಶ ಉಚಿತ. ಕೊಳ್ಳಲೇಬೇಕು ಅಂತ ಯಾರೂ ಹಿಂದೆ ಬೀಳೋದಿಲ್ಲ. ಸೀರೆ ಅಂಗಡಿಗಿಂತ ಇಲ್ಲಿ ಆರಾಮ.

ಗಾಜಿನ ಬಾಗಿಲು ಮುಚ್ಚಿದೆ ಅಂತ ವಾಪಸ್ ಹೋಗಬೇಡಿ. ಏಸಿಗೆ, ಧೂಳಿಗೆ ಮುಚ್ಚಿರುತ್ತಾರೆ. ತಳ್ಳಿ, ಇಲ್ಲವೇ ಬೆಲ್ ಒತ್ತಿ. ಬೆನ್ನಿನ ಬ್ಯಾಗನ್ನು ಡೆಸ್ಕಿನ ಹತ್ತಿರ ಇಡಿ, ಅಥವಾ ಮುಂದಕ್ಕೆ ಹಾಕಿಕೊಳ್ಳಿ. ಹಿಂದೆ ಹಿಂದೆ ಸರಿದು ಚಿತ್ರ ನೋಡುವಾಗ ಬೆನ್ನ ಬ್ಯಾಗು ಹಿಂದಿನ ಶಿಲ್ಪಕ್ಕೆ ತಾಗೋದು ನಿಜವಾಗಿ ಆಗುವ ಅಪಘಾತ. ಒದ್ದೆ ಕೊಡೆ ಹೊರಗಡೆ. ಫೋಟೊ ತೆಗೆಯಬಹುದಾ ಅಂತ ಒಂದು ಮಾತು ಕೇಳಿ, ಫ್ಲ್ಯಾಶ್ ಬೇಡವೇ ಬೇಡ.

ಮುಟ್ಟಬಾರದು ಅನ್ನೋದಕ್ಕೆ ಕಾರಣ ಇದೆ. ಕೈಯ ಜಿಡ್ಡು, ಬೆವರು ಕಾಗದದ ಮೇಲೆ ಆಗ ಕಾಣೋದಿಲ್ಲ, ಆಮೇಲೆ ಕಲೆಯಾಗಿ ಏಳುತ್ತದೆ. ಕೆಲವು ಕೃತಿಗಳನ್ನು ಮಾತ್ರ ಮುಟ್ಟಿ ನೋಡಲೆಂದೇ ಮಾಡಿರುತ್ತಾರೆ. ಅಲ್ಲಿ ಬೋರ್ಡು ಇರುತ್ತದೆ, ಇಲ್ಲದಿದ್ದರೆ ಕೇಳಿದರೆ ಆಯಿತು.

ನೋಡುವುದು: ಮೂರು ಸುತ್ತು

ನನ್ನ ರೂಢಿ ಹೇಳುತ್ತೇನೆ. ಇದಕ್ಕೆ ಶಾಸ್ತ್ರ ಇಲ್ಲ.

ಮೊದಲ ಸುತ್ತು ಸುಮ್ನೆ ನಡೆದುಬಿಡಿ. ಏನನ್ನೂ ಓದಬೇಡಿ. ಚಿಕ್ಕ ಗ್ಯಾಲರಿ ಅಂದರೆ ಒಂದೆರಡು ಕೋಣೆ, ಹದಿನೈದಿಪ್ಪತ್ತು ಕೃತಿ. ಐದು ನಿಮಿಷದಲ್ಲಿ ಮುಗಿಯುತ್ತದೆ. ಯಾವುದರ ಮುಂದೆ ಕಾಲು ತಾನಾಗಿ ನಿಧಾನವಾಯಿತು, ಯಾವುದು ಕಿರಿಕಿರಿ ಮಾಡಿತು, ನೆನಪಿಟ್ಟುಕೊಳ್ಳಿ.

ಎರಡನೇ ಸುತ್ತಿನಲ್ಲಿ ಎರಡೋ ಮೂರೋ ಕೃತಿ ಆರಿಸಿ ಅದರ ಮುಂದೆ ನಿಲ್ಲಿ. ಎಷ್ಟು ಹೊತ್ತು? ಒಂದು ಕಾಫಿ ಕುಡಿಯುವಷ್ಟು ಹೊತ್ತು. ಮೊದಲು ಹತ್ತಡಿ ದೂರದಿಂದ, ಆಮೇಲೆ ಒಂದಡಿ ಹತ್ತಿರದಿಂದ. ದೂರದಿಂದ ಬೂದು ಅಂತ ಕಂಡದ್ದು ಹತ್ತಿರ ಹೋದರೆ ಹಸಿರು ಮತ್ತು ಕೆಂಪು ಗೆರೆಗಳ ಒತ್ತು ಆಗಿರಬಹುದು. ಪಕ್ಕಕ್ಕೆ ನಿಂತು ಓರೆಯಾಗಿ ನೋಡಿ, ಬಣ್ಣದ ದಪ್ಪ ಕಾಣುತ್ತದೆ. ಮೂರನೇ ನಿಮಿಷಕ್ಕೆ ಬೇಜಾರು ಬರುತ್ತದೆ. ಆ ಬೇಜಾರು ದಾಟಿ ಇನ್ನೊಂದು ನಿಮಿಷ ನಿಂತರೆ ಸಾಮಾನ್ಯವಾಗಿ ಏನೋ ಒಂದು ಹೊಸದು ಕಾಣಿಸುತ್ತದೆ.

ಮೂರನೇ ಸುತ್ತಿನಲ್ಲಿ ಓದಿ. ಗೋಡೆಯ ಮೇಲಿನ ದೊಡ್ಡ ಬರಹ ಕ್ಯುರೇಟರ್, ಅಂದರೆ ಕೃತಿಗಳನ್ನು ಆರಿಸಿ ಪ್ರದರ್ಶನ ರೂಪಿಸಿದವರು, ಬರೆದದ್ದು. ಬಹಳಷ್ಟು ಸಲ ಅದು ಇಂಗ್ಲಿಷಿನಲ್ಲಿರುತ್ತದೆ, ಅದೂ ಎಂಥ ಇಂಗ್ಲಿಷ್ ಅಂದರೆ ಇಂಗ್ಲಿಷ್ ಮೇಷ್ಟರಿಗೂ ತಲೆ ತಿರುಗುತ್ತದೆ. ನಿಮಗೆ ಅರ್ಥ ಆಗದಿದ್ದರೆ ತಪ್ಪು ನಿಮ್ಮದೇ ಅಂದುಕೊಳ್ಳಬೇಡಿ. ಕನ್ನಡದಲ್ಲೂ ಒಂದು ಪುಟ ಇಡಿ ಅಂತ ಡೆಸ್ಕಿನಲ್ಲಿ ಹೇಳಿ. ನಾನು ಪ್ರತಿ ಸಲ ಹೇಳುತ್ತೇನೆ. ಎರಡು ಕಡೆ ನಿಜವಾಗಿ ಇಟ್ಟರು. ಕಾಗದದ ತಿರುಳಿನಲ್ಲಿ ಕೃತಿ ಮಾಡುವ ರವಿಕುಮಾರ್ ಕಾಶಿ ಅವರಂಥ ಕಲಾವಿದರು ಕಲೆಯ ಬಗ್ಗೆ ಕನ್ನಡದಲ್ಲೇ ಬರೆಯುತ್ತಾ ಬಂದಿದ್ದಾರೆ. ಕನ್ನಡದಲ್ಲಿ ಹೇಳೋಕಾಗಲ್ಲ ಅನ್ನೋ ನೆಪ ನಡೆಯೋದಿಲ್ಲ.

ಪುಟ್ಟ ಚೀಟಿ ಏನು ಹೇಳುತ್ತದೆ

ಕೃತಿಯ ಪಕ್ಕದ ಚೀಟಿ ನಾಲ್ಕೈದು ಸಾಲಿನದ್ದು. ಕಲಾವಿದರ ಹೆಸರು, ಶೀರ್ಷಿಕೆ, ಯಾವುದರಿಂದ ಮಾಡಿದ್ದು, ಅಳತೆ, ವರ್ಷ. 'ಅನ್‌ಟೈಟಲ್ಡ್' ಅಂದರೆ ಕಲಾವಿದರು ಹೆಸರಿಡಲಿಲ್ಲ. ಅಳತೆಯಲ್ಲಿ ಸಾಮಾನ್ಯವಾಗಿ ಎತ್ತರ ಮೊದಲು, ಅಗಲ ಆಮೇಲೆ.

ನಾನು ಜಾಸ್ತಿ ಹೊತ್ತು ಓದೋದು ಮೂರನೇ ಸಾಲು. ಯಾವುದರಿಂದ ಮಾಡಿದ್ದು ಅನ್ನೋದು. ಏಕೆಂದರೆ ಇಲ್ಲೇ ನಮ್ಮಂಥವರಿಗೆ ದಾರಿ ತೆರೆಯೋದು.

1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರನ್ನೇ ನೋಡಿ. ಕೆನ್ ಕಲಾಶಾಲೆಯಲ್ಲಿ, ಆಮೇಲೆ ಶಾಂತಿನಿಕೇತನದಲ್ಲಿ, ಲಂಡನ್ನಿನಲ್ಲಿ ಚಿತ್ರಕಲೆ ಕಲಿತವರು. ತೊಂಬತ್ತರ ದಶಕದಲ್ಲಿ ಅವರು ಸಗಣಿಯನ್ನು ಕೈಗೆತ್ತಿಕೊಂಡರು. ಇನ್ನೊಂದು ಕೃತಿಯಲ್ಲಿ ಸೂಜಿಯ ಕಣ್ಣಿಗೆ ಉದ್ದುದ್ದ ದಾರ ಪೋಣಿಸಿ, ಆ ದಾರಗಳನ್ನೆಲ್ಲ ಸೇರಿಸಿ ಅಂಟು, ಕುಂಕುಮ ಬಳಿದು ಕೆಂಪು ಹಗ್ಗ ಮಾಡಿದರು. ಹಗ್ಗ ಗೋಡೆಯಿಂದ ನೆಲಕ್ಕೆ ಹರಿದಾಡುತ್ತದೆ, ತುದಿಯಲ್ಲಿ ಸೂಜಿಗಳ ಗೊಂಚಲು ತೂಗುತ್ತದೆ. ವಿದೇಶದ ಮ್ಯೂಸಿಯಂನಲ್ಲಿ ಇದನ್ನು ನೋಡುವವರಿಗೆ ಕುಂಕುಮ ಅಂದರೇನು ಅಂತ ಬರೆದು ಹೇಳಬೇಕು. ನಮಗೆ? ಸಗಣಿ ಸಾರಿಸಿದ ನೆಲದ ವಾಸನೆ, ಬೆರಣಿ ತಟ್ಟುವವರ ಬೆರಳ ಗುರುತು, ಸೂಜಿಗೆ ದಾರ ಪೋಣಿಸುವಾಗ ಅಮ್ಮ ಕಣ್ಣು ಕಿರಿದು ಮಾಡೋದು, ಇವೆಲ್ಲ ಮೊದಲೇ ಗೊತ್ತು. ಅರ್ಧ ದಾರಿ ಮುಂಚೆಯೇ ನಡೆದಿದ್ದೇವೆ.

ಅತ್ತೆಯ ಕಥೆಗೆ ವಾಪಸ್ ಬರುತ್ತೇನೆ. ಅವರು ತಿಪಟೂರು ಕಡೆಯವರು. ಆವತ್ತಿನ ಪ್ರದರ್ಶನದಲ್ಲಿ ಒಬ್ಬ ಯುವ ಕಲಾವಿದ ಬಿದಿರಿನ ಅಟ್ಟದಂಥದ್ದು ಕಟ್ಟಿ, ಅದರ ಮೇಲೆ ಒಣ ತೆಂಗಿನಕಾಯಿ ಹರಡಿದ್ದ. ಕೆಳಗೆ ಒಂದು ಸ್ಪೀಕರು, ಅದರಿಂದ ಟಕ್ ಟಕ್ ಸದ್ದು. ನನಗೆ ತಲೆಬುಡ ತಿಳಿಯಲಿಲ್ಲ. ಗೋಡೆಯ ಬರಹದಲ್ಲಿ ನೆನಪು, ಸ್ಥಳಾಂತರ ಅಂತೆಲ್ಲ ಇತ್ತು. ಅತ್ತೆ ಮಾತ್ರ ಅಟ್ಟದ ಕೆಳಗೆ ಹೋಗಿ, ತಲೆ ಎತ್ತಿ ನೋಡಿ, "ಇದು ನಮ್ಮನೆ ಕೊಬ್ಬರಿ ಅಟ್ಟ" ಅಂದರು. ಆಮೇಲೆ ಶುರುವಾಯಿತು. ಉಂಡೆ ಕೊಬ್ಬರಿ ಆಗೋಕೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. "ಈ ಸದ್ದು ಅದಲ್ಲ ಕಣೋ. ಇದು ಇಲಿ ಓಡಾಡೋ ಸದ್ದು. ರಾತ್ರಿ ಮಲಗಿದ್ರೆ ತಲೆ ಮೇಲೆ ಹಿಂಗೇ ಕೇಳ್ತಿತ್ತು" ಅಂದರು.

ಹಿಂದೆ ನಿಂತು ಕೇಳುತ್ತಿದ್ದ ಕಲಾವಿದ ಮುಂದೆ ಬಂದು, "ಹೌದಮ್ಮ, ಇಲಿಯದ್ದೇ" ಅಂದ. ಅವನ ಅಜ್ಜಿ ಮನೆಯ ಅಟ್ಟವಂತೆ. ಮನೆ ಬಿದ್ದುಹೋಗಿ ಆರು ವರ್ಷವಾಯಿತಂತೆ. ಇಬ್ಬರೂ ನೆಲದ ಮೇಲೆ ಕೂತು ಮುಕ್ಕಾಲು ಗಂಟೆ ಮಾತಾಡಿದರು. ನಾನು ಗೋಡೆಯ ಬರಹವನ್ನು ಇನ್ನೊಂದು ಸಲ ಓದಿದೆ. ಈ ಸಲ ಅರ್ಥವಾಯಿತು.

ವಿಡಿಯೊ ಇದ್ದರೆ

ಕತ್ತಲೆ ಕೋಣೆಯಲ್ಲಿ ವಿಡಿಯೊ ಓಡುತ್ತಿದ್ದರೆ ಎಷ್ಟು ನಿಮಿಷದ್ದು ಅಂತ ಮೊದಲೇ ಕೇಳಿ. ಅದು ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತಲೇ ಇರುತ್ತದೆ, ನಡುವೆ ಹೊಕ್ಕರೂ ತೊಂದರೆ ಇಲ್ಲ. ಎಂಟು ನಿಮಿಷ ಅಂದರೆ ಪೂರ್ತಿ ಕೂರಿ. ಐವತ್ತು ನಿಮಿಷ ಅಂದರೆ ಕೂರಲೇಬೇಕು ಅಂತಿಲ್ಲ, ಕಲಾವಿದರಿಗೂ ಅದು ಗೊತ್ತು.

ಫೋಟೊಗಳಿದ್ದರೆ ಯಾರು ಯಾರ ವೇಷ ಹಾಕಿದ್ದಾರೆ ಅಂತ ನೋಡಿ. ಬೆಂಗಳೂರಿನ ಎನ್. ಪುಷ್ಪಮಾಲಾ ಶಿಲ್ಪ ಕಲಿತವರು, ತೊಂಬತ್ತರ ದಶಕದಿಂದ ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಲ್ಲುತ್ತಾ ಬಂದಿದ್ದಾರೆ. ಒಂದು ಚಿತ್ರದಲ್ಲಿ ಅವರು ರವಿವರ್ಮನ ಲಕ್ಷ್ಮಿ. ನಮ್ಮ ದೇವರ ಮನೆಯ ಗೋಡೆಯ ಮೇಲಿದ್ದ ಅದೇ ಲಕ್ಷ್ಮಿ. ಆದರೆ ಪರದೆ ಬಟ್ಟೆಯದ್ದು, ತಾವರೆ ಸೆಟ್ಟಿನದ್ದು ಅಂತ ಗೊತ್ತಾಗುತ್ತದೆ. ನಗು ಬಂದರೆ ನಗಬಹುದು. ಗ್ಯಾಲರಿಯಲ್ಲಿ ನಗಬಾರದು ಅಂತ ಯಾರು ಹೇಳಿದ್ದು?

ಬೆಲೆ ಕೇಳುವುದು, ಕೊಳ್ಳುವುದು

ಬೆಲೆಯನ್ನು ಚೀಟಿಯಲ್ಲಿ ಬರೆದಿರೋದಿಲ್ಲ. ಡೆಸ್ಕಿನಲ್ಲಿ ಒಂದು ಪಟ್ಟಿ ಇರುತ್ತದೆ. "ಪ್ರೈಸ್ ಲಿಸ್ಟ್ ನೋಡಬಹುದಾ?" ಅಂದರೆ ಕೊಡುತ್ತಾರೆ. ನೋಡಿದ್ದಕ್ಕೆ ಕೊಳ್ಳಬೇಕಾಗಿಲ್ಲ. ಕೃತಿಯ ಪಕ್ಕ ಕೆಂಪು ಚುಕ್ಕೆ ಅಂಟಿಸಿದ್ದರೆ ಅದು ಮಾರಾಟವಾಗಿದೆ. ಅರ್ಧ ಚುಕ್ಕೆ ಅಥವಾ ಬೇರೆ ಬಣ್ಣದ ಚುಕ್ಕೆ ಇದ್ದರೆ ಸಾಮಾನ್ಯವಾಗಿ ಯಾರೋ ತೆಗೆದಿಡಿ ಅಂದಿದ್ದಾರೆ ಅಂತ.

ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ಪ್ರಿಂಟ್. ಪ್ರಿಂಟ್ ಅಂದರೆ ಜೆರಾಕ್ಸ್ ಅಲ್ಲ. ಮರ ಕೆತ್ತಿ ಮಾಡಿದ ವುಡ್‌ಕಟ್, ತಾಮ್ರ ಅಥವಾ ಸತುವಿನ ತಗಡನ್ನು ಆಸಿಡ್ಡಿನಲ್ಲಿ ಕೊರೆಯಿಸಿ ಮಾಡಿದ ಎಚಿಂಗ್, ಕಲ್ಲಿನ ಮೇಲೆ ಬರೆದು ತೆಗೆದ ಲಿಥೊಗ್ರಾಫ್. ಒಂದೊಂದು ಹಾಳೆಯನ್ನೂ ಕೈಯಲ್ಲೇ ತೆಗೆದಿರುತ್ತಾರೆ. ಕೆಳಗೆ ಪೆನ್ಸಿಲಿನಲ್ಲಿ 3/10 ಅಂತಿದ್ದರೆ, ಒಟ್ಟು ಹತ್ತು ಪ್ರತಿ, ಇದು ಮೂರನೆಯದು. ಎ/ಪಿ ಅಂತಿದ್ದರೆ ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ. ಅದೇ ಕಲಾವಿದರ ಕ್ಯಾನ್ವಾಸಿಗೆ ಹೋಲಿಸಿದರೆ ಬೆಲೆ ಎಷ್ಟೋ ಕಡಿಮೆ. ಇಂಕ್‌ಜೆಟ್ ಮೆಷಿನ್ನಿನಲ್ಲಿ ತೆಗೆದ ಡಿಜಿಟಲ್ ಪ್ರಿಂಟುಗಳೂ ಇರುತ್ತವೆ, ಅವಕ್ಕೂ ಎಡಿಷನ್, ಅಂದರೆ ಇಂತಿಷ್ಟೇ ಪ್ರತಿ ಅನ್ನೋ ಲೆಕ್ಕ, ಇರಬಹುದು. ಯಾವ ಬಗೆಯದ್ದು ಅಂತ ಕೇಳಿ ತಿಳಿದುಕೊಳ್ಳಿ.

ಕೊಂಡರೆ ಬಿಲ್ ತೆಗೆದುಕೊಳ್ಳಿ, ಹೇಳಿದ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯಾ ಕೇಳಿ, ಕಲಾವಿದರ ಸಹಿ ಇರುವ ಸರ್ಟಿಫಿಕೇಟ್ ಕೇಳಿ. ಕಂತಿನಲ್ಲಿ ಕೊಡಬಹುದಾ ಅಂತಲೂ ಕೇಳಬಹುದು, ನಾಚಿಕೆ ಬೇಡ, ಎಷ್ಟೋ ಗ್ಯಾಲರಿಗಳು ಒಪ್ಪುತ್ತವೆ. ಚೌಕಾಸಿ? ಸ್ವಲ್ಪ ನಡೆಯುತ್ತದೆ. ಆದರೆ ಮೊದಲ ಪ್ರದರ್ಶನದ ಹುಡುಗರ ಹತ್ತಿರ ಮಾಡಬೇಡಿ. ಖಾಸಗಿ ಗ್ಯಾಲರಿಯಾದರೆ ಆ ಬೆಲೆಯಲ್ಲಿ ದೊಡ್ಡ ಪಾಲು, ಕೆಲವು ಸಲ ಅರ್ಧದ ತನಕ, ಗ್ಯಾಲರಿಗೆ ಹೋಗುತ್ತದೆ. ಬಾಡಿಗೆ ಹಾಲಾದರೆ ಬಾಡಿಗೆ, ಫ್ರೇಮು, ಟೆಂಪೊ ಎಲ್ಲ ಕಲಾವಿದರ ತಲೆ ಮೇಲೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಚಿತ್ರ ಕೊಂಡರೆ ಆ ಚಿತ್ರ ನಿಮ್ಮದು, ಆದರೆ ಅದರ ಕಾಪಿರೈಟ್ ನಿಮ್ಮದಲ್ಲ. ಕಲಾವಿದರು ಬರೆದು ಕೊಡದೆ ಅದು ಕೈ ಬದಲಾಗೋದಿಲ್ಲ. ಗೋಡೆಗೆ ಹಾಕಿಕೊಳ್ಳಬಹುದು, ಮಾರಬಹುದು. ಅಂಗಡಿಯ ಕ್ಯಾಲೆಂಡರಿಗೆ, ಟೀ ಶರ್ಟಿಗೆ ಅಚ್ಚು ಹಾಕಿಸೋ ಹಾಗಿಲ್ಲ.

ಮನೆಗೆ ತಂದಮೇಲೆ ನೇರ ಬಿಸಿಲು ಬೀಳುವ ಗೋಡೆ ಬೇಡ. ಮಳೆಗಾಲದಲ್ಲಿ ಥಂಡಿ ಹೊಡೆಯುವ ಹೊರಗೋಡೆಯೂ ಬೇಡ. ಕಾಗದದ ಕೃತಿಗೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಹಾಕಿ ಅಂತ ಫ್ರೇಮಿನವರಿಗೆ ಒತ್ತಿ ಹೇಳಿ. ಹೇಳದಿದ್ದರೆ ಮಾಮೂಲಿ ರಟ್ಟು ಹಾಕುತ್ತಾರೆ, ವರ್ಷಗಳು ಕಳೆದಂತೆ ಅಂಚು ಹಳದಿಯಾಗುತ್ತದೆ. ನನ್ನ ಮೊದಲ ವುಡ್‌ಕಟ್ ಹೀಗೇ ಹಾಳಾಯಿತು.

ವರ್ಷದ ಪಂಚಾಂಗ

ಮುಂದೆ ಬರುವುದನ್ನು ಲೆಕ್ಕ ಹಾಕೋಕೆ ಕೆಲವು ಗೂಟಗಳಿವೆ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ, ಕುಮಾರ ಕೃಪಾ ರಸ್ತೆ ಪೂರ್ತಿ ಕಲಾವಿದರದ್ದು. ಬೆಳಿಗ್ಗೆ ಒಂಬತ್ತಕ್ಕೇ ಹೋಗಿ, ಮಧ್ಯಾಹ್ನ ಕಾಲಿಡೋಕೆ ಜಾಗ ಇರೋದಿಲ್ಲ. ಕಾಲೇಜು ವರ್ಷ ಮುಗಿಯುವ ಹೊತ್ತಿಗೆ ಕಲಾಶಾಲೆಗಳ ವಿದ್ಯಾರ್ಥಿಗಳ ಪ್ರದರ್ಶನ. ಪರಿಷತ್ತಿನಲ್ಲಿ ಮಾತ್ರ ಅಲ್ಲ, ಮೈಸೂರಿನ ಕಲಾಶಾಲೆ ಕಾವಾದಲ್ಲೂ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ). ನನ್ನನ್ನು ಕೇಳಿದರೆ ವರ್ಷದಲ್ಲಿ ಒಂದೇ ಒಂದು ನೋಡುವುದಾದರೆ ಇದನ್ನೇ ನೋಡಿ. ಮಾರುಕಟ್ಟೆ ಏನು ಕೇಳುತ್ತದೆ ಅಂತ ಆ ಮಕ್ಕಳಿಗೆ ಇನ್ನೂ ಗೊತ್ತಿರೋದಿಲ್ಲ. ಕೇರಳದ ದೊಡ್ಡ ಕಲಾಮೇಳ ಕೊಚ್ಚಿ ಬಿಯೆನಾಲೆ 2012ರ ಡಿಸೆಂಬರ್ 12ಕ್ಕೆ ಶುರುವಾದದ್ದು. ಅದು ನಡೆಯುವ ಚಳಿಗಾಲದಲ್ಲಿ ನಮ್ಮ ಊರಿನ ಎಷ್ಟೋ ಕಲಾವಿದರು ಅಲ್ಲೇ ಸಿಗುತ್ತಾರೆ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಎರ್ನಾಕುಳಂ.

ಕೊನೇ ದಿನದ ಸಂಜೆ ಬಗ್ಗೆ ಒಂದು ಮಾತು. ಮುಚ್ಚುವ ಹೊತ್ತಿಗೆ ಒಂದು ಗಂಟೆ ಮುಂಚೆ ಹೋದರೆ ಕಲಾವಿದರು ಸಾಮಾನ್ಯವಾಗಿ ಅಲ್ಲೇ ಇರುತ್ತಾರೆ. ಉದ್ಘಾಟನೆಯ ಗಾಬರಿ ಹೋಗಿ, ಸುಸ್ತಾಗಿ, ಮಾತಿಗೆ ಸಿಗುತ್ತಾರೆ. ಮೂಲೆಯಲ್ಲಿ ಬಬಲ್ ರ‍್ಯಾಪಿನ ಸುರುಳಿ, ಟೇಪು, ಕತ್ತರಿ ತಯಾರಾಗಿರುತ್ತವೆ. ಕೊಬ್ಬರಿ ಅಟ್ಟ ಇಳಿಸುವ ದಿನ ಅತ್ತೆಯೂ ಬಂದಿದ್ದರು. ಹುಡುಗ ಕಾಯಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ. ಅತ್ತೆ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, "ಇನ್ನೂ ಎರಡು ತಿಂಗಳು ಬೇಕು ಕಣಪ್ಪ, ಮುಂದಿನ ಶೋಗೆ ಗಡಗಡ ಅನ್ನತ್ತೆ" ಅಂದು ಚೀಲಕ್ಕೆ ಹಾಕಿದರು.